ಆರ್‌ಎನ್‌ಎ ಜೀನ್‌ಗಳನ್ನು ಹೇಗೆ ನಿಯಂತ್ರಿಸುತ್ತದೆ?

ಆರ್‌ಎನ್‌ಎ ಎಂದರೆ ಡಿಎನ್‌ಎಯ ಸಂದೇಶವನ್ನು ಪ್ರೋಟೀನ್ ತಯಾರಾಗುವಲ್ಲಿಗೆ ಮುಟ್ಟಿಸುವ ವಾಹಕ ಎಂದಷ್ಟೇ ಪಿಯುಸಿಯಲ್ಲಿ ಓದಿದ್ದೆ, ಅದು ಜೀನ್‌ಗಳ ಮೇಲೆ ಹಿಡಿತ ಸಾಧಿಸುವುದು ಹೇಗೆ ಎಂದು ಕೇಳಿದ್ದೀರಿ. ಪಿಯುಸಿ ಮಕ್ಕಳಿಗೆ ಅದನ್ನು ಹಾಗೆಯೇ ಕಲಿಸುವವರಲ್ಲಿ ನಾನೂ ಒಬ್ಬನಾದ್ದರಿಂದ ಉತ್ತರಿಸುವ ಹೊಣೆಯೂ ನನ್ನದೇ.

ಒಂದು ಮಿಲಿಮೀಟರ್ ಉದ್ದದ, ಮಣ್ಣಿನಲ್ಲಿ ಬದುಕುವ ಸಿ. ಎಲೆಗನ್ಸ್ ಎಂಬ ದುಂಡುಹುಳುವಿಗೂ ನಮಗೂ ಪ್ರೋಟೀನ್ ತಯಾರಿಸುವ ಜೀನ್‌ಗಳು ಹೆಚ್ಚುಕಡಿಮೆ ಅಷ್ಟಷ್ಟೇ, ಸುಮಾರು 20,000. ಹಾಗಾಗಿ ಜೀನ್‌ಗಳು ಎಷ್ಟಿವೆ ಎಂಬುದಕ್ಕಿಂತ ಯಾವುದು ಯಾವ ಜೀವಕೋಶದಲ್ಲಿ, ಯಾವಾಗ, ಎಷ್ಟು ಕೆಲಸ ಮಾಡುತ್ತದೆ ಎಂಬುದೇ ಮುಖ್ಯವಾಗುತ್ತದೆ. ಇದರ ಒಂದು ಸುಳಿವು ಸಿಕ್ಕಿದ್ದೂ ಆ ಹುಳುವಿನಲ್ಲಿಯೇ. ಲಿನ್-4 ಎಂಬ ಜೀನ್ ಕೆಟ್ಟ ಹುಳು ಮರಿಹಂತದ ಮೊದಲ ಘಟ್ಟದ ಕೋಶವಿಭಜನೆಗಳನ್ನೇ ಮತ್ತೆ ಮತ್ತೆ ನಡೆಸುತ್ತದೆ. ದೊಡ್ಡದಾದರೂ ಮೊಟ್ಟೆಯಿಡುವ ದ್ವಾರವೇ ಅದಕ್ಕೆ ಮೂಡುವುದಿಲ್ಲ. ಆ ಜೀನ್ ಯಾವ ಪ್ರೋಟೀನನ್ನೂ ತಯಾರಿಸದೆ, ಬರೀ 22 ಅಕ್ಷರಗಳ (ಅಂದರೆ ಬೇಸ್‌ಗಳ) ಆರ್‌ಎನ್‌ಎ ತುಣುಕೊಂದನ್ನು ಹೊರಡಿಸುತ್ತದೆ ಎಂದು 1993ರಲ್ಲಿ ವಿಕ್ಟರ್ ಆಂಬ್ರೋಸ್ ಅವರ ತಂಡ ತೋರಿಸಿತು. ಲಿನ್-14 ಎಂಬ ಇನ್ನೊಂದು ಜೀನಿನ ಸಂದೇಶವಾಹಕ ಆರ್‌ಎನ್‌ಎಯ ಬಾಲದಲ್ಲಿ ಈ ತುಣುಕಿಗೆ ಜೋಡಿಯಾಗುವ ಅಕ್ಷರಗಳು ಹಲವೆಡೆ ಇವೆ ಎಂಬುದು ಗ್ಯಾರಿ ರವ್ಕುನ್ ಅವರ ಪ್ರಯೋಗಾಲಯದ ಕೆಲಸದಿಂದ ತಿಳಿಯಿತು. ತುಣುಕು ಅಲ್ಲಿ ಅಂಟಿಕೊಂಡೊಡನೆ ಪ್ರೋಟೀನ್ ತಯಾರಿಕೆ ತಗ್ಗುತ್ತದೆ, ಹುಳು ಮುಂದಿನ ಹಂತಕ್ಕೆ ದಾಟುತ್ತದೆ. ಇದು ಹುಳುವೊಂದರ ವಿಚಿತ್ರವೆಂದು ಏಳು ವರ್ಷ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. 2000ದಲ್ಲಿ ಲೆಟ್-7 ಎಂಬ ಅಂಥದೇ ತುಣುಕು ಮನುಷ್ಯನಲ್ಲೂ ಕಂಡಾಗ ಚಿತ್ರವೇ ಬದಲಾಯಿತು. ಇಂದು ಇವನ್ನು ಮೈಕ್ರೋ ಆರ್‌ಎನ್‌ಎ ಎನ್ನುತ್ತೇವೆ. ಆಂಬ್ರೋಸ್ ಮತ್ತು ರವ್ಕುನ್ ಅವರಿಗೆ ನೊಬೆಲ್ ಬಂದದ್ದು 2024ರಲ್ಲಿ.

ಉದ್ದನೆಯ ಆರ್‌ಎನ್‌ಎಗಳ ರೀತಿಯೇ ಬೇರೆ. ಸ್ತನಿಗಳ ಹೆಣ್ಣಿನಲ್ಲಿ ಎಕ್ಸ್ ವರ್ಣತಂತುಗಳು ಎರಡಿರುವುದರಿಂದ ಒಂದನ್ನು ಸುಮ್ಮನಾಗಿಸಬೇಕಾಗುತ್ತದೆ. ಸುಮಾರು 17,000 ಅಕ್ಷರಗಳ ಎಕ್ಸಿಸ್ಟ್ ಎಂಬ ಆರ್‌ಎನ್‌ಎ ತಾನು ಹುಟ್ಟಿದ ವರ್ಣತಂತುವನ್ನೇ ಆವರಿಸಿಕೊಂಡು, ಜೀನ್‌ಗಳನ್ನು ಅಡಗಿಸುವ ಪ್ರೋಟೀನ್‌ಗಳನ್ನು ಅಲ್ಲಿಗೆ ಕರೆಸುತ್ತದೆ. ಕಪ್ಪು ಮತ್ತು ಕೇಸರಿ ಮಚ್ಚೆಗಳು ಬೆರೆತ ಬೆಕ್ಕನ್ನು ನೀವು ಬೀದಿಯಲ್ಲಿ ನೋಡಿದ್ದರೆ ಇದರ ಫಲವನ್ನೇ ನೋಡಿದ್ದೀರಿ. ಕೇಸರಿ ಬಣ್ಣದ ಜೀನ್ ಎಕ್ಸ್ ಮೇಲಿದೆ, ಇಂಥ ಬೆಕ್ಕಿನ ಒಂದು ಎಕ್ಸ್‌ನಲ್ಲಿ ಅದರ ಕೇಸರಿ ರೂಪವಿದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ಯಾವ ಕೋಶದಲ್ಲಿ ಯಾವ ಎಕ್ಸ್ ಅಡಗಬೇಕೆಂಬುದು ಭ್ರೂಣದಲ್ಲಿಯೇ ತೀರ್ಮಾನವಾಗಿ, ಆ ಕೋಶದ ಸಂತತಿಯೆಲ್ಲ ಅದನ್ನೇ ಪಾಲಿಸುವುದರಿಂದ ಮಚ್ಚೆಗಳು ಮೂಡುತ್ತವೆ. (ಬಿಳಿ ಭಾಗಕ್ಕೆ ಕಾರಣವಾದ ಜೀನ್ ಬೇರೆ.) ಇಂಥ ಬೆಕ್ಕು ಗಂಡಾಗಿರುವುದು ಅಪರೂಪ.

ಆದರೆ ನಮ್ಮ ಸಂಕೀರ್ಣತೆಯೆಲ್ಲ ಆರ್‌ಎನ್‌ಎಯದೇ ಕೊಡುಗೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜೀನ್‌ಗಳನ್ನು ಚಾಲೂ ಮಾಡುವ, ನಿಲ್ಲಿಸುವ ಕೆಲಸದ ದೊಡ್ಡ ಪಾಲು ಇಂದಿಗೂ ಡಿಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನ್‌ಗಳದ್ದು. ಪ್ರೋಟೀನ್ ತಯಾರಿಸದ ಡಿಎನ್‌ಎ ಹೆಚ್ಚಿದಷ್ಟೂ ಜೀವಿ ಸಂಕೀರ್ಣ ಎನ್ನೋಣವೆಂದರೆ, ಈರುಳ್ಳಿಯ ಜೀನೋಮ್ (ಒಂದು ಜೋಡಣೆಯ ಒಟ್ಟು ಡಿಎನ್‌ಎ) ನಮ್ಮದಕ್ಕಿಂತ ಸುಮಾರು ಐದು ಪಟ್ಟು ದೊಡ್ಡದು! ಕೋಶದಲ್ಲಿ ಆರ್‌ಎನ್‌ಎಯೊಂದು ಕಂಡ ಮಾತ್ರಕ್ಕೆ ಅದಕ್ಕೊಂದು ಕೆಲಸವಿದೆ ಎನ್ನಲಾಗದು. ಅದನ್ನು ತೆಗೆದಾಗ ಏನಾಗುತ್ತದೆಂದು ನೋಡಬೇಕು. ತಂದೆಯಿಂದ ಬಂದ ಎಕ್ಸ್‌ನಲ್ಲಿ ಎಕ್ಸಿಸ್ಟ್ ಇಲ್ಲದ ಹೆಣ್ಣು ಇಲಿಭ್ರೂಣಗಳು ಗರ್ಭದಲ್ಲಿಯೇ ಸಾಯುತ್ತವೆ, ಒಂದೇ ಎಕ್ಸ್ ಇರುವ ಗಂಡುಭ್ರೂಣಗಳು ಎಕ್ಸಿಸ್ಟ್ ಇಲ್ಲದೆಯೂ ಬದುಕುತ್ತವೆ.