ಏಆರ್‌ಟಿ ಗುಳಿಗೆ ಜೀವಕೋಶಗಳನ್ನು ಕೊಲ್ಲುತ್ತದೆಯೇ?

ಪ್ರಶ್ನೆ: ಮೇಡಂ, ನನ್ನದು ಮುಧೋಳ ತಾಲ್ಲೂಕಿನ ಒಂದು ಹಳ್ಳಿ. 2009ರಿಂದ ಎಚ್‌ಐವಿಗೆ ಏಆರ್‌ಟಿ ಗುಳಿಗೆ ತಗೊಳ್ತಿದ್ದೇನೆ. ಆಗ ಸಿಡಿ4 (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಲೆಕ್ಕ) 118 ಇತ್ತು, ಈಗ 560. ಮೊದಲು ಕೊಟ್ಟ ಗುಳಿಗೆಯಿಂದ ಎರಡೇ ವರ್ಷದಲ್ಲಿ ಗಲ್ಲ ಒಳಗೆ ಹೋದವು, ಅಂಗಾಲು ಉರಿ ಶುರುವಾಯಿತು. ಈಗಿನ ಗುಳಿಗೆಯಿಂದ ಏನೂ ತೊಂದರೆ ಇಲ್ಲ. ಆದರೆ ಈಚೆಗೆ ನೋಡಿದ ಒಂದು ವಿಡಿಯೋದಲ್ಲಿ, ಈ ಔಷಧಿಗಳು ಮೈಯೊಳಗಿನ ಜೀವಕೋಶಗಳನ್ನೇ ಸಾಯಿಸುತ್ತವೆ ಅಂದರು. ನಿಜವೇ? ನಾಲ್ಕು ತಿಂಗಳು ಬಿಟ್ಟು ನೋಡಲೇ?
– ಹೆಸರು ಬೇಡ

ಉತ್ತರ: ಅಕ್ಕಾರೆ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಿಡಬೇಡಿ. ಒಂದು ದಿನವೂ ಬಿಡಬೇಡಿ. ಇನ್ನು ಉಳಿದದ್ದನ್ನು ನಿಧಾನವಾಗಿ ಮಾತಾಡೋಣ. ಯಾಕಂದ್ರೆ ಆ ವಿಡಿಯೋದ ಮಾತಿನಲ್ಲಿ ಒಂದು ಚೂರು ನಿಜವೂ ಇದೆ, ಅದನ್ನು ನೀವು ಅನುಭವಿಸಿಯೂ ಇದ್ದೀರಿ.

ನಮ್ಮ ಮೈಯಲ್ಲಿ ಜೀವಕೋಶಗಳು ದಿನಾ ಸಾಯುತ್ತಲೇ ಇರುತ್ತವೆ. ಅದು ರೋಗವಲ್ಲ. ಹಳೆಯದಾದ ಕೋಶ ತಾನಾಗಿ ಮುದುಡಿ ಚೂರಾಗುತ್ತದೆ. ಬೇರೆ ಕೋಶಗಳು ಆ ಚೂರುಗಳನ್ನು ನುಂಗಿ ಜಾಗ ಚೊಕ್ಕ ಮಾಡುತ್ತವೆ. 1972ರಲ್ಲಿ ವಿಜ್ಞಾನಿಗಳು ಇದಕ್ಕೆ ಅಪೊಪ್ಟೋಸಿಸ್ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಎಲೆ ಉದುರುವುದಕ್ಕೆ ಹೇಳುವ ಮಾತು ಅದು. ನಿಮ್ಮ ಕಡೆ ಕಬ್ಬಿನ ಹೊಲದಲ್ಲಿ ಕೆಳಗಿನ ರವದಿ ಒಣಗಿ ಕಳಚಿಕೊಳ್ಳುತ್ತದಲ್ಲ, ಹಾಗೆ. ಕಬ್ಬಿಗೆ ಏನೂ ಆಗುವುದಿಲ್ಲ.

ಕೋಶ ಸಾಯುವ ಇನ್ನೊಂದು ಬಗೆ ಇದೆ, ಪೈರೊಪ್ಟೋಸಿಸ್. ಪೈರೊ ಅಂದರೆ ಬೆಂಕಿ. ಇಲ್ಲಿ ಕೋಶ ಉಬ್ಬಿ ಒಡೆದು, ಒಳಗಿದ್ದದ್ದೆಲ್ಲ ಹೊರಗೆ ಚೆಲ್ಲಿ, ಸುತ್ತಲೂ ಉರಿಯೂತ ಏಳುತ್ತದೆ. ಆ ಉರಿಯೂತ ಇನ್ನಷ್ಟು ಸಿಡಿ4 ಕೋಶಗಳನ್ನು ಅಲ್ಲಿಗೆ ಎಳೆಯುತ್ತದೆ. ಬಂದವೂ ಹಾಗೇ ಸಾಯುತ್ತವೆ. ಕರೆಂಟ್ ತಂತಿಯ ಕಿಡಿ ಒಣ ರವದಿಗೆ ಬಿದ್ದರೆ ಬೆಂಕಿ ಒಂದೇ ಸಾಲಿಗೆ ನಿಲ್ಲುತ್ತದೆಯೇ? ಇಡೀ ಹೊಲ ಹೋಗುತ್ತದೆ.

ಎಚ್‌ಐವಿ ಮಾಡುವುದು ಇದನ್ನೇ. 2013ರ ಕೊನೆಯಲ್ಲಿ ಅಮೆರಿಕದ ಗ್ಲಾಡ್‌ಸ್ಟೋನ್ ಸಂಸ್ಥೆಯ ವಾರ್ನರ್ ಗ್ರೀನ್ ಅವರ ತಂಡ ಇದನ್ನು ತೋರಿಸಿತು. ಆಪರೇಷನ್‌ನಲ್ಲಿ ತೆಗೆದ ಟಾನ್ಸಿಲ್ ತುಣುಕುಗಳಿಗೆ ಅವರು ವೈರಸ್ ಸೇರಿಸಿ ನೋಡಿದರು. ಸತ್ತ ಸಿಡಿ4 ಕೋಶಗಳಲ್ಲಿ ನೂರಕ್ಕೆ ಸುಮಾರು 95ರಲ್ಲಿ ವೈರಸ್ ಬೆಳೆದೇ ಇರಲಿಲ್ಲ. ಒಳಗೆ ಹೊಕ್ಕ ವೈರಸ್ ತನ್ನ ನಕಲು ಮಾಡಲು ಹೋಗಿ ಅರ್ಧಕ್ಕೇ ನಿಂತಿತ್ತು. ಆ ಅರ್ಧಂಬರ್ಧ ನಕಲಿನ ಸುಳಿವು ಸಿಕ್ಕಿದ್ದೇ ಕೋಶ ತನಗೆ ತಾನೇ ಬೆಂಕಿ ಹಚ್ಚಿಕೊಂಡಿತ್ತು. 2009ರಲ್ಲಿ ನಿಮ್ಮ ಸಿಡಿ4 118ಕ್ಕೆ ಇಳಿದಿತ್ತಲ್ಲ, ಅದರ ಹಿಂದೆ ಇದ್ದದ್ದು ವೈರಸ್. ಗುಳಿಗೆ ಅಲ್ಲ.

ಹಾಗಾದ್ರೆ ಗುಳಿಗೆ ಏನು ಮಾಡುತ್ತದೆ? ಬೇರೆ ಬೇರೆ ಗುಳಿಗೆ ಬೇರೆ ಬೇರೆ ಜಾಗದಲ್ಲಿ ಅಡ್ಡ ನಿಲ್ಲುತ್ತದೆ. ನಕಲು ಶುರುವಾಗುವಾಗಲೇ ಹಿಡಿಯುವ ಎಫಾವಿರೆಂಜ್‌ನಂಥ ಔಷಧಿ ಹಾಕಿದಾಗ ಪ್ರಯೋಗಾಲಯದಲ್ಲಿ ಕೋಶಗಳು ಉಳಿದವು. ಅದಾದ ಮೇಲಿನ ಹಂತದಲ್ಲಿ ತಡೆಯುವ ರಾಲ್ಟೆಗ್ರಾವಿರ್ ಹಾಕಿದಾಗ ಉಳಿಯಲಿಲ್ಲ. ಈಗ ನೀವು ನುಂಗುತ್ತಿರುವುದು ಬಹುಶಃ ಟಿಎಲ್‌ಡಿ, ಅಂದರೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ. ಅದರಲ್ಲಿರುವ ಡೊಲುಟೆಗ್ರಾವಿರ್ ಕೂಡ ಆ ಎರಡನೇ ಗುಂಪಿನದೇ. ಗಾಬರಿ ಬೇಡ. ಪ್ರಯೋಗಾಲಯದಲ್ಲಿ ವೈರಸ್ಸನ್ನು ಹೊರಗಿನಿಂದ ಸುರಿದಿರುತ್ತಾರೆ. ನಿಮ್ಮ ಮೈಯಲ್ಲಿ ಹೊಸ ವೈರಸ್ ತಯಾರಾಗುವುದೇ ಬಹುಮಟ್ಟಿಗೆ ನಿಂತಿದೆ. ಕಿಡಿಯೇ ಬೀಳದಿದ್ದರೆ ಬೆಂಕಿ ಎಲ್ಲಿಂದ ಬರಬೇಕು? 118 ಇದ್ದದ್ದು 560 ಆದದ್ದು ಹೀಗೆ.

ಲೋಪಿನಾವಿರ್, ರಿಟೊನಾವಿರ್ ಗುಂಪಿನ ಔಷಧಿಗಳದು ಇನ್ನೊಂದು ಕಥೆ. ವೈರಸ್ ತಡೆಯುವುದರ ಜೊತೆಗೆ, ಅಪೊಪ್ಟೋಸಿಸ್ ಆಗದಂತೆ ಅವು ನೇರವಾಗಿ ಕೋಶವನ್ನು ಕಾಯುವುದೂ ಪ್ರಯೋಗಾಲಯದಲ್ಲಿ ಕಂಡಿದೆ. ಅದೇ ಗುಂಪಿನವು ಪ್ರಮಾಣ ತುಂಬಾ ಜಾಸ್ತಿಯಾದರೆ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತವೆ. ನೆಲ್ಫಿನಾವಿರ್ ಅನ್ನು ಕ್ಯಾನ್ಸರ್ ರೋಗಿಗಳಲ್ಲೂ ಪರೀಕ್ಷಿಸಿದ್ದಾರೆ. ವಿಡಿಯೋ ಮಾಡುವವರು ಇಂಥ ಒಂದು ಸಾಲನ್ನು ಹಿಡಿದುಕೊಂಡು ಹೆದರಿಸುತ್ತಾರೆ. ಅವರ ಮಾತು ನಂಬಿ ಗುಳಿಗೆ ಬಿಟ್ಟು, ಮತ್ತೆ ಜ್ವರ, ಕ್ಷಯ ಹಿಡಿಸಿಕೊಂಡು ಬಂದವರನ್ನು ನೋಡಿದ್ದೇನೆ. ತುಂಬಾ ಸಂಕಟವಾಗುತ್ತದೆ.

ಈಗ ಆ ಒಂದು ಚೂರು ನಿಜ. ಸರ್ಕಾರದ ಉಚಿತ ಏಆರ್‌ಟಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಆಗ ಬಹಳ ಜನರಿಗೆ ಕೊಟ್ಟದ್ದು ಸ್ಟಾವುಡಿನ್ ಇದ್ದ ಗುಳಿಗೆ. ನಿಮ್ಮ ಲಕ್ಷಣ ನೋಡಿದರೆ ನಿಮಗೂ ಅದನ್ನೇ ಕೊಟ್ಟಿರಬೇಕು. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾವನ್ನು ಅದು ಹಾಳುಮಾಡುತ್ತಿತ್ತು. ಆಗ ಗಲ್ಲದ, ಕೈಕಾಲಿನ ಕೊಬ್ಬಿನ ಕೋಶಗಳು ಅಪೊಪ್ಟೋಸಿಸ್‌ನಿಂದ ಸಾಯುತ್ತಿದ್ದವು. ಪಾದದ ನರಗಳಿಗೂ ಪೆಟ್ಟು. ಆ ದಿನಗಳಲ್ಲಿ ನನ್ನ ಮುಂದೆ ಕೂತಿದ್ದ ಒಬ್ಬರ ಕಾಲಿಂದ ಚಪ್ಪಲಿ ಜಾರಿ ಬಾಗಿಲಲ್ಲೇ ಉಳಿದಿತ್ತು. ಬರಿಗಾಲಲ್ಲಿ ಒಳಗೆ ಬಂದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಸ್ಟಾವುಡಿನ್ ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರ ಕೊನೆಯಲ್ಲಿ ಹೇಳಿತು. ಈಗಿನ ಟೆನೊಫೊವಿರ್, ಲ್ಯಾಮಿವುಡಿನ್‌ನಿಂದ ಮೈಟೊಕಾಂಡ್ರಿಯಾಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ. ಒಳಗೆ ಹೋದ ಗಲ್ಲ ಸ್ವಲ್ಪ ತುಂಬಿಕೊಳ್ಳಬಹುದು. ಆದರೆ ವರ್ಷಗಳೇ ಬೇಕು, ಪೂರ್ತಿ ಮೊದಲಿನಂತೆ ಆಗದೆಯೂ ಇರಬಹುದು. ಸುಳ್ಳು ಭರವಸೆ ಕೊಡಲಾರೆ.

ನಾಲ್ಕು ತಿಂಗಳು ಬಿಟ್ಟು ನೋಡುವುದನ್ನು ಜಗತ್ತು ಆಗಲೇ ನೋಡಿಯಾಗಿದೆ. ಸ್ಮಾರ್ಟ್ ಎಂಬ ಅಧ್ಯಯನದಲ್ಲಿ 5,472 ಜನ ಇದ್ದರು. ಅರ್ಧ ಜನರಿಗೆ ಸಿಡಿ4 ಚೆನ್ನಾಗಿದ್ದಾಗ ಔಷಧಿ ನಿಲ್ಲಿಸಿದ್ದರು. ಅವರಲ್ಲಿ ಗಂಭೀರ ಸೋಂಕು ಮತ್ತು ಸಾವು ಎರಡು ಪಟ್ಟಿಗಿಂತ ಜಾಸ್ತಿ ಆದವು. 2006ರಲ್ಲಿ ಅದರ ಫಲಿತಾಂಶ ಬಂತು.

ಮುಂದಿನ ಸಲ ಏಆರ್‌ಟಿ ಸೆಂಟರ್‌ಗೆ ಹೋದಾಗ ವೈರಲ್ ಲೋಡ್ ರಿಪೋರ್ಟ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ, ಕೇಳಿ ನೋಡಿ. ಟೆನೊಫೊವಿರ್ ಇರುವುದರಿಂದ ಮೂತ್ರಪಿಂಡದ ಪರೀಕ್ಷೆ, ಕ್ರಿಯಾಟಿನಿನ್, ಮಾಡಿಸಿ. ಅಂಗಾಲು ಉರಿ ಇನ್ನೂ ಇದ್ದರೆ ಸಕ್ಕರೆ ಮತ್ತು ಬಿ12 ಕೂಡ ನೋಡಲು ಹೇಳಿ. ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಆಸಿಡಿಟಿ ಗುಳಿಗೆ ನುಂಗುವ ಅಭ್ಯಾಸ ಇದ್ದರೆ, ಅದಕ್ಕಿಂತ 2 ಗಂಟೆ ಮೊದಲು ಅಥವಾ ಅದಾಗಿ 6 ಗಂಟೆ ಬಿಟ್ಟು ಏಆರ್‌ಟಿ ಗುಳಿಗೆ ತಗೊಳ್ಳಿ. ಎರಡೂ ಜೊತೆಗೇ ಹೋದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ.