ಪಂಪ್ ಓಡ್ತಿದೆ ಅಂದ್ರೆ ಮದ್ದು ಒಳಗೆ ಹೋಗ್ತಿದೆ ಅಂತಲ್ಲ

ಸರ್, ಆಪರೇಷನ್ನಲ್ಲಿ ಪಂಪಿಂದ ಪ್ರೊಪೊಫಾಲ್ (ರಕ್ತನಾಳಕ್ಕೆ ಕೊಡೋ, ಪ್ರಜ್ಞೆ ತಪ್ಪಿಸೋ ಹಾಲಿನಂಥ ಮದ್ದು) ಕೊಡ್ತಿದ್ದಾಗ, ರೋಗಿಯ ಕೈ ಟಕ್ ಮಾಡಿದ (ಮೈ ಪಕ್ಕ ಬಟ್ಟೆಯಡಿ ಸೇರಿಸಿದ) ಮೇಲೆ ಬಿಪಿ, ಪಲ್ಸ್ ಎರಡೂ ಏರಿತು, ನೋವಿನ ಮದ್ದು ಫೆಂಟನಿಲ್ ಎರಡು ಸಲ ಕೊಟ್ರೂ ಇಳೀಲಿಲ್ಲ ಅಂತ ಬರೆದಿದ್ದೀರಿ. ಉತ್ತರ ನಿಮ್ಮ ಫೋಟೋದಲ್ಲೇ ಇದೆ: ಡ್ರಿಪ್ ಟ್ಯೂಬ್ ಹಾಲಿನ ಹಾಗೆ ಬೆಳ್ಳಗಾಗಿದೆ. ಪ್ರೊಪೊಫಾಲ್ ರೋಗಿಗೆ ಹೋಗದೆ ಬಾಟಲಿ ಕಡೆ ಹತ್ತಿದೆ. ನಾನೂ ಒಮ್ಮೆ ಮಾಡಿದ ತಪ್ಪೇ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಪಂಪ್ ಲೈನನ್ನು ಬರೀ ತ್ರೀ-ವೇ (ಮೂರು ದಾರಿ ಸೇರಿಸೋ ಕೀಲು) ಹಾಕಿ ರಿಂಗರ್ಸ್ ಡ್ರಿಪ್ ಜೊತೆ ಸೇರಿಸಿದ್ದೀರಿ. ಕ್ಯಾನುಲಾ (ರಕ್ತನಾಳದೊಳಗಿನ ಸಣ್ಣ ನಳಿಕೆ) ಮಡಚಿಕೊಂಡ್ರೂ ಡ್ರಿಪ್ ಕಡೆ ದಾರಿ ತೆರೆದಿರುತ್ತೆ. ಲೈನಲ್ಲಿ ಒತ್ತಡ ಏರಲ್ಲ, ಪಂಪಿನ ಅಲಾರಂ ಕೂಗಲ್ಲ. ಲೈನ್ ಕಳಚಿಕೊಂಡ್ರೂ ಅಷ್ಟೇ. ಮಡಚಿಕೊಂಡಿದ್ರೆ, ಗಂಟೆಗೆ 40 ಮಿಲಿ ಲೆಕ್ಕದಲ್ಲಿ 15 ನಿಮಿಷಕ್ಕೆ 10 ಮಿಲಿ, ಅಂದ್ರೆ 1% ಮದ್ದಲ್ಲಿ 100 ಮಿಗ್ರಾಂ ಟ್ಯೂಬಲ್ಲೇ ಕೂತಿರುತ್ತೆ. ಕೈ ನೆಟ್ಟಗೆ ಮಾಡಿ ಡ್ರಿಪ್ ಜೋರಾಗಿ ಬಿಟ್ರೋ, ಅಷ್ಟೂ ಒಂದೇ ಸಲ ಒಳಗೆ ಹೋಗಿ ಬಿಪಿ ನೆಲ ಕಚ್ಚುತ್ತೆ. ಫ್ಲಶ್ ಮಾಡಬೇಡಿ, ಟ್ಯೂಬ್ ಬಿಚ್ಚಿ ಎಸೀರಿ. ಅದಕ್ಕೂ ಮೊದಲು ಸೆವೊ (ಉಸಿರಿನ ಮೂಲಕ ಕೊಡೋ ಅನಸ್ತೇಶಿಯಾ) ತೆರೀರಿ, ಲೈನ್ ಆಮೇಲೆ ಹುಡುಕಿ.

ಡ್ರಿಪ್ ಕಡೆಗೆ ಆಂಟಿ-ರಿಫ್ಲಕ್ಸ್ ವಾಲ್ವ್ (ಮದ್ದು ಹಿಂದಕ್ಕೆ ಹರಿಯದಂತೆ ತಡೆಯೋದು) ಹಾಕದೆ ಟೀವಾ (ಪೂರ್ತಿ ರಕ್ತನಾಳದ ಮೂಲಕವೇ ಕೊಡೋ ಅನಸ್ತೇಶಿಯಾ) ಶುರು ಮಾಡಲೇಬೇಡಿ. ಎಲ್ಲಾ ಜೋಡಣೆ ತಿರುಗಿಸಿ ಬಿಗಿಯೋ ಲೂಯರ್-ಲಾಕ್ ಇರಲಿ, ಸೇರುವ ಜಾಗ ಕ್ಯಾನುಲಾಗೆ ಅಂಟಿಕೊಂಡಿರಲಿ. ಕ್ಯಾನುಲಾ ಕಣ್ಣಿಗೆ ಕಾಣೋ ಹಾಗಿರಲಿ. ಆಗದಿದ್ರೆ ಆಗಾಗ ಡ್ರೇಪ್ (ರೋಗಿಗೆ ಹೊದಿಸಿದ ಬಟ್ಟೆ) ಕೆಳಗೆ ಕೈ ಹಾಕಿ ಮುಟ್ಟಿ ನೋಡಿ. ರಿಲ್ಯಾಕ್ಸಂಟ್ (ಸ್ನಾಯು ಸಡಿಲಿಸೋ ಮದ್ದು) ಕೊಟ್ಟ ರೋಗಿ ಎಚ್ಚರವಾದ್ರೂ ಕೈ ಆಡಿಸಲ್ಲ, ಹಾಗಿರುವಾಗ ಬಿಸ್ (ಮೆದುಳಿನ ಅಲೆ ನೋಡಿ ಪ್ರಜ್ಞೆಯ ಮಟ್ಟ ತೋರಿಸೋ ಮಾನಿಟರ್) ಇಲ್ಲದೆ ನಡೆಸಿದ್ದು ಯಾವ ಧೈರ್ಯದ ಮೇಲೆ? ಅದರ ನಂಬರ್ 40ರಿಂದ 60ರೊಳಗಿರಲಿ. ಕೆಟಮಿನ್ ಅನ್ನೋ ಇನ್ನೊಂದು ಅನಸ್ತೇಶಿಯಾ ಮದ್ದು ಕೊಟ್ಟಿದ್ರೆ ಮಾತ್ರ ನಂಬರ್ ತಾನಾಗಿ ಏರುತ್ತೆ, ಅದರ ಹಿಂದೆ ಓಡಬೇಡಿ.

ಟಿಸಿಐ (ರಕ್ತದಲ್ಲಿನ ಮದ್ದಿನ ಮಟ್ಟ ಲೆಕ್ಕ ಹಾಕಿ ತಾನೇ ವೇಗ ಬದಲಿಸೋ ಪಂಪ್) ಇಲ್ಲದವರು 10-8-6 (ಕೆಜಿಗೆ ಗಂಟೆಗೆ ಅಷ್ಟು ಮಿಗ್ರಾಂ, ಹಂತಹಂತವಾಗಿ ಇಳಿಸೋದು) ಹಾಕ್ತೀರಲ್ಲ, 60 ಕೆಜಿಗೆ 1% ಮದ್ದಲ್ಲಿ ಅದು ಗಂಟೆಗೆ 60, 48, 36 ಮಿಲಿ. ಅದು ನೈಟ್ರಸ್ ಗ್ಯಾಸ್, ಫೆಂಟನಿಲ್ ಜೊತೆಗಿನ ಲೆಕ್ಕ. ಏರ್-ಆಕ್ಸಿಜನ್ನಲ್ಲಿ ಸಾಲದೇ ಹೋಗಬಹುದು. ವಯಸ್ಸಾದವರಿಗೆ ಹೆಚ್ಚಾಗಲೂಬಹುದು. 50 ಮಿಲಿ ಸಿರಿಂಜ್ ಎಪ್ಪತ್ತು ನಿಮಿಷದ ಹೊತ್ತಿಗೆ ಖಾಲಿ, ಮುಂದಿನದ್ದು ತುಂಬಿ ಪಕ್ಕಕ್ಕಿಟ್ಟುಕೊಳ್ಳಿ. 2% ವಯಲ್ ತುಂಬಿ ಪಂಪಲ್ಲಿ 1% ಒತ್ತೋರೂ ಇದ್ದಾರೆ, ಲೇಬಲ್ ಓದಿ.

ಇಂಜೆಕ್ಷನ್ ಉರಿಗೆ ನನ್ನ ಮತ ಲಿಪ್ಯೂರೊಗೆ (ಪ್ರೊಪೊಫಾಲ್‌ನ ಒಂದು ಬ್ರ್ಯಾಂಡ್), ಅದರಲ್ಲಿ ಉರಿ ಕಡಿಮೆ. ಬೇರೆಯದ್ದಾದ್ರೆ ಮರಗಟ್ಟಿಸೋ ಮದ್ದು ಲಿಗ್ನೊಕೇನ್ 40 ಮಿಗ್ರಾಂ ಮೊದಲೇ ಕೊಡಿ; ಸಿರಿಂಜಲ್ಲಿ ಬೆರೆಸಿ ಗಂಟೆಗಟ್ಟಲೆ ಇಡಬೇಡಿ, ಪ್ರೊಪೊಫಾಲ್‌ನ ಎಮಲ್ಷನ್ (ಎಣ್ಣೆ-ನೀರಿನ ಮಿಶ್ರಣ) ಒಡೆಯುತ್ತೆ. ತುಂಬಿಟ್ಟ ಸಿರಿಂಜ್ 6 ಗಂಟೆ ದಾಟಿದ್ರೆ ಚೆಲ್ಲಿ, ಇದರಲ್ಲಿ ಜಿಪುಣತನ ಬೇಡ.

ಇನ್ನೊಂದು: ರೆಮಿಫೆಂಟನಿಲ್ (ಬಲವಾದ ನೋವಿನ ಮದ್ದು) ಓಡಿಸಿದ್ರೆ, ರೋಗಿ ಇನ್ನೂ ನಿಮ್ಮ ಕೈಲಿರುವಾಗಲೇ ಕ್ಯಾನುಲಾ ಫ್ಲಶ್ ಮಾಡಿ. ಅದರಲ್ಲಿ ಉಳಿದಷ್ಟು ಮದ್ದನ್ನು ವಾರ್ಡಲ್ಲಿ ಸಿಸ್ಟರ್ ಆಂಟಿಬಯೋಟಿಕ್ ಜೊತೆ ಒಳಗೆ ತಳ್ಳಿದ್ರೆ ಉಸಿರು ನಿಲ್ಲಬಹುದು.