ಪಾಶ್ಚಾತ್ಯ ದೇಶಗಳ ಇಬ್ಬಗೆಯ ನೀತಿಯನ್ನು ಸಂದರ್ಶನದಲ್ಲಿ ಸಾಬೀತು ಮಾಡುವುದು ಹೇಗೆ? ಭಾರತ ಎಂದೂ ಹಾಗೆ ನಡೆದುಕೊಂಡಿಲ್ಲವಲ್ಲ?

ನಿಮ್ಮ ಎರಡನೇ ಸಾಲು ಓದಿ ಎದೆ ಝಲ್ಲೆಂದಿತು. ಅದೇ ಮಾತು ಹೇಳಿ ಕೈಗೆ ಬಂದಿದ್ದ ಕೆಲಸ ಕಳೆದುಕೊಂಡವನು ನಾನು.

2003ರ ಜೂನ್. ಅಮೆರಿಕ ಇರಾಕ್ ಮೇಲೆ ಬಿದ್ದು ಮೂರು ತಿಂಗಳಾಗಿತ್ತು. ಒಂದು ಅನುದಾನಿತ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಉಪನ್ಯಾಸಕರ ಹುದ್ದೆಗೆ ಡೆಮೊ ಕ್ಲಾಸ್. ಬೋರ್ಡಿನ ನಡುವೆ ಗೆರೆ ಎಳೆದು ಎಡಕ್ಕೆ ಕುವೈತ್, ಬಲಕ್ಕೆ ಪ್ಯಾಲೆಸ್ಟೀನ್ ಎಂದು ಬರೆದೆ. 1990ರ ಆಗಸ್ಟ್ 2ರಂದು ಸದ್ದಾಂ ಕುವೈತಿಗೆ ನುಗ್ಗಿದ. ಅದೇ ದಿನ ಭದ್ರತಾ ಮಂಡಳಿಯ 660ನೇ ನಿರ್ಣಯ ಬಂತು, ಆರು ತಿಂಗಳೊಳಗೆ ಬಾಂಬ್ ಬಿತ್ತು. ಯುದ್ಧದಲ್ಲಿ ಹಿಡಿದ ನೆಲದಿಂದ ಇಸ್ರೇಲಿ ಸೇನೆ ಹಿಂದೆ ಸರಿಯಲಿ ಎಂದ 242ನೇ ನಿರ್ಣಯ 1967ರದ್ದು. ಪ್ಯಾಲೆಸ್ಟೀನಿಯನ್ನರ ಪಶ್ಚಿಮ ದಂಡೆಯ ಮಟ್ಟಿಗೆ ಅದು ಇನ್ನೂ ಕಾಗದದಲ್ಲೇ ಇದೆ. ಮಕ್ಕಳು ಪಿಟಕ್ಕೆನ್ನದೆ ಕೇಳುತ್ತಿದ್ದರು. ಅಲ್ಲಿಗೇ ನಿಲ್ಲಿಸಬೇಕಿತ್ತು. "ನಮ್ಮ ತಕ್ಕಡಿ ಮಾತ್ರ ಎಂದೂ ವಾಲಿಲ್ಲ" ಅಂದುಬಿಟ್ಟೆ.

ಹಿಂದಿನ ಬೆಂಚಿನಲ್ಲಿದ್ದ ವಿಷಯ ತಜ್ಞರು ಕೇಳಿದರು: "1956ರಲ್ಲಿ ಸೂಯೆಜ್‌ಗೆ ಏನಂದ್ವಿ, ಹಂಗೆರಿಗೆ ಏನಂದ್ವಿ, ಹೇಳಿ."

"ಎರಡನ್ನೂ ಖಂಡಿಸಿದ್ವಿ ಸರ್."

"ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಲಿಲ್ಲ, ಅದನ್ನೇ ಇನ್ನೂ ಜೋರಾಗಿ ಹೇಳಿದೆ. ಸೂಯೆಜ್ ಪುಟಗಳಿಗೆ ಕೆಂಪು ಗೆರೆ ಹಾಕಿ ಬಾಯಿಪಾಠ ಮಾಡಿದ್ದೆ. ಹಂಗೆರಿ ಇದ್ದದ್ದು ಮುಂದಿನ ಪುಟದಲ್ಲೇ. ಅದನ್ನು ಓದದೇ ಬಿಟ್ಟಿದ್ದೆ, ಏಕೆಂದರೆ ನೆಹರೂ ಅಲ್ಲೂ ಹಾಗೇ ಮಾಡಿರುತ್ತಾರೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡಿದ್ದೆ. ಗೊತ್ತಿಲ್ಲ ಅಂದಿದ್ದರೆ ಅವರು ಬಿಡುತ್ತಿದ್ದರು. ಅಭಿಮಾನದಿಂದ ಊಹಿಸಿದ್ದನ್ನು ಇತಿಹಾಸ ಅಂತ ಮಕ್ಕಳ ಮುಂದೆ ಹೇಳಿದೆನಲ್ಲ, ಅದು ತಪ್ಪು. ಎಚ್ಚರಿಸಿದ ಮೇಲೂ ಹೇಳಿದ್ದು ಇನ್ನೂ ದೊಡ್ಡ ತಪ್ಪು.

ನಡೆದದ್ದು ಬೇರೆ. ಸೂಯೆಜ್ ಕಾಲುವೆಯ ಜಗಳದಲ್ಲಿ ಈಜಿಪ್ಟಿನ ಮೇಲೆ ಬ್ರಿಟನ್, ಫ್ರಾನ್ಸ್, ಇಸ್ರೇಲ್ ದಾಳಿ ಮಾಡಿದಾಗ ನಾವು ತಕ್ಷಣ ಖಂಡಿಸಿದೆವು. ಆದರೆ ಅದೇ ವರ್ಷ ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಹಂಗೆರಿಯ ರಾಜಧಾನಿ ಬುಡಾಪೆಸ್ಟಿಗೆ ನುಗ್ಗಿದಾಗ ವಿಶ್ವಸಂಸ್ಥೆಯಲ್ಲಿ ಮತ ಹಾಕದೆ ಕೂತೆವು. ಹಂಗೆರಿಯಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಚುನಾವಣೆ ಆಗಲಿ ಎಂಬ ನವೆಂಬರ್ 9ರ ನಿರ್ಣಯಕ್ಕಂತೂ ಅಲ್ಲಿ ನಮ್ಮ ಪ್ರತಿನಿಧಿಯಾಗಿದ್ದ ಕೃಷ್ಣ ಮೆನನ್ ವಿರೋಧವಾಗಿಯೇ ಮತ ಹಾಕಿದರು. ಹಾಗೆ ಮಾಡಿದ ಕಮ್ಯುನಿಸ್ಟೇತರ ದೇಶ ನಮ್ಮದೊಂದೇ. ಕಾಶ್ಮೀರದಲ್ಲೂ ಅಂಥದ್ದನ್ನೇ ಕೇಳಿಯಾರು ಎಂಬ ಅಳುಕು ಅದರ ಹಿಂದಿತ್ತು. ನೆಹರೂ ಆಮೇಲೆ ಹಂಗೆರಿಯವರ ಪರ ಮಾತಾಡಿದರು, ಆದರೆ ಮತ ದಾಖಲಾಗಿಬಿಟ್ಟಿತ್ತು.

ಕೆಲಸ ಬೇರೆಯವರಿಗೆ ಹೋಯಿತು. ನಾನು ಇನ್ನೂ ನಾಲ್ಕು ವರ್ಷ ಅತಿಥಿ ಉಪನ್ಯಾಸಕನಾಗಿ ಬಸ್ಸಿನಲ್ಲಿ ಓಡಾಡಿದೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಪಾಶ್ಚಾತ್ಯರ ಪಟ್ಟಿ ಪಕ್ಕಕ್ಕಿಡಿ, ಅದು ಎಲ್ಲರಿಗೂ ಬರುತ್ತದೆ. ಮೊದಲು ನಮ್ಮ ಪಟ್ಟಿ ಮಾಡಿ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯಲ್ಲಿ ರಷ್ಯಾದ ದಾಳಿಯ ವಿರುದ್ಧ ಉಕ್ರೇನ್ ಪರ 141 ದೇಶಗಳು ಮತ ಹಾಕಿದಾಗ ನಾವು ಹೊರಗುಳಿದ 35ರಲ್ಲಿ ಒಬ್ಬರು. 2023ರ ಅಕ್ಟೋಬರ್ 27ರಂದು ಗಾಜಾ ಕದನವಿರಾಮದ ನಿರ್ಣಯದಲ್ಲೂ ಹೊರಗುಳಿದೆವು, ಡಿಸೆಂಬರ್ 12ರಂದು ಪರವಾಗಿ ಹಾಕಿದೆವು. ಆ ಆರು ವಾರಗಳಲ್ಲಿ ಏನು ಬದಲಾಯಿತು ಎಂಬುದಕ್ಕೆ ನಿಮ್ಮದೇ ಉತ್ತರ ಸಿದ್ಧ ಮಾಡಿಕೊಂಡು ಸಂದರ್ಶನಕ್ಕೆ ಹೋಗಿ.